ಬೆಲ್ಲದ ವ್ಯಾಪಾರಿಯ ಓಟ

“ಗುರುಗಳೇ, ದೂರ ಓಡುವವನಿಗೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಯಾವುದು?” ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

ಅಂಧ ಮಕ್ಕಳ ಶಾಲೆಗೆ ನೆರವು ಕೂಡಿಸಲು ಅವನು ಮ್ಯಾರಥಾನ್ ಓಡುವವನಿದ್ದ. ಬೇಸಿಗೆಯಿಡೀ ಅಭ್ಯಾಸ ನಡೆದಿತ್ತು. ಓಟಕ್ಕೆ ಮುಂಚೆ ಬಡಾವಣೆಯವರು ಅವನಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಗುರುಗಳೇ ಅಧ್ಯಕ್ಷತೆ ವಹಿಸಬೇಕೆಂದು ಆಮಂತ್ರಣ ಪತ್ರಿಕೆಯನ್ನೂ ತಂದಿದ್ದ. ಗುರುಗಳು ಅದನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಗಿರಾಕಿಗೆ ರುಚಿ ತೋರಿಸುವಾಗಲೆಲ್ಲ ತಾನೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದ. ವ್ಯಾಪಾರ ಚೆನ್ನಾಗಿತ್ತು, ಆದ್ದರಿಂದ ಹೊಟ್ಟೆಯೂ ಚೆನ್ನಾಗಿತ್ತು. ಅದೇ ಊರಿನಲ್ಲಿ ಒಬ್ಬ ವಿಧವೆ ತಬ್ಬಲಿ ಮಕ್ಕಳನ್ನು ಸಾಕುತ್ತಿದ್ದಳು. ಬಿರುಗಾಳಿಗೆ ಅವಳ ಮನೆಯ ಹೆಂಚುಗಳು ಹಾರಿಹೋಗಿದ್ದವು. ಮಳೆಗಾಲ ಹತ್ತಿರ ಬರುತ್ತಿತ್ತು. ಹೆಂಚು ಕೇಳಿದರೆ ಊರಿನವರು ನೋಡೋಣ ಎನ್ನುತ್ತಿದ್ದರು. ನೋಡೋಣ ಎಂದರೆ ಏನೆಂದು ನಿನಗೆ ಗೊತ್ತಲ್ಲ.

ವ್ಯಾಪಾರಿಗೆ ಕನಿಕರ ಬಂತು. ಅವನು ಊರ ಕಟ್ಟೆಯ ಮೇಲೆ ನಿಂತು, ತಾನು ಅಲ್ಲಿಂದ ಹೊಳೆಯವರೆಗೆ ಎಲ್ಲೂ ಕೂರದೆ ಓಡಿ ಮುಟ್ಟಿದರೆ ಆ ವಿಧವೆಗೆ ಮನೆಗೊಂದು ಬುಟ್ಟಿ ಹೆಂಚು ಕೊಡುತ್ತೀರಾ ಎಂದು ಕೇಳಿದ. ಹೊಳೆ ಅರ್ಧ ದಿನದ ದಾರಿ. ಊರಿನವರು ಅವನ ಹೊಟ್ಟೆ ನೋಡಿದರು. ಬುಟ್ಟಿ ಯಾಕೆ, ಗಾಡಿಯೇ ತುಂಬಿ ಕೊಡುತ್ತೇವೆ ಎಂದರು. ಅಷ್ಟು ಧಾರಾಳವನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಅಭ್ಯಾಸಕ್ಕೆಂದು ಓಡುವುದನ್ನು ಕಂಡವರು ಅಂಗಡಿಗೆ ಬೆಂಕಿ ಬಿತ್ತೆಂದು ಕೊಡ ಹಿಡಿದು ಹಿಂದೆ ಓಡಿದರು. ನಾಯಿಗಳೂ ಓಡಿದವು. ಬರಬರುತ್ತ ಕೊಡದವರು ನಿಂತರು, ನಾಯಿಗಳಿಗೂ ಬೇಜಾರು ಬಂತು. ವ್ಯಾಪಾರಿ ಮಾತ್ರ ನಿಲ್ಲಲಿಲ್ಲ. ಬೆಲ್ಲ ಬಾಯಿಗೆ ಹಾಕುವುದನ್ನು ಬಿಟ್ಟ. ಹೊಟ್ಟೆ ಇಳಿಯಿತು. ಒಂದು ದಿನ ಅವನು ಹೊಳೆಯ ಹತ್ತಿರದ ಹುಣಸೆಮರದವರೆಗೂ ಓಡಿದನೆಂಬ ಸುದ್ದಿ ಹಬ್ಬಿತು. ಊರಿನವರಿಗೆ ಹೆಮ್ಮೆಯಾಯಿತು. ಅದರ ಹಿಂದೆಯೇ ಗಾಡಿ ಹೆಂಚಿನ ನೆನಪಾಗಿ ಎದೆ ಧಸಕ್ಕೆಂದಿತು.

ಯಾರೂ ಕೂತು ಸಂಚು ಮಾಡಲಿಲ್ಲ. ಅಷ್ಟು ಕೆಟ್ಟವರಲ್ಲ ಅವರು. ಇಂಥವನಿಗೆ ಸನ್ಮಾನ ಮಾಡಬೇಕೆಂದು ಮೇಲಿನ ಕೇರಿಯವರಿಗೆ ಅನಿಸಿತು, ಅಷ್ಟೇ. ಶಾಲು ಹೊದಿಸಿದರು, ಪೇಟ ತೊಡಿಸಿದರು, ಭಾಷಣ ಮಾಡಿದರು, ಎಲೆ ಹಾಕಿದರು. ಸನ್ಮಾನ ಮಾಡಿಸಿಕೊಂಡವನ ಎಲೆ ಬರಿದಾದರೆ ಕೇರಿಗೇ ಅವಮಾನ. ವ್ಯಾಪಾರಿ ಸಾಕೆಂದು ಕೈ ಅಡ್ಡ ಹಿಡಿದ. ಬಡಿಸುವವರು ಆ ಕೈಯ ಮೇಲೆಯೇ ಹೋಳಿಗೆ ಇಟ್ಟು ತುಪ್ಪ ಸುರಿದರು. ಕೆಳಗಿನ ಕೇರಿಯವರು ಹಿಂದೆ ಬೀಳುತ್ತಾರೆಯೇ? ಆಮೇಲೆ ಗಾಣದವರು, ಆಮೇಲೆ ಭಜನಾ ಮಂಡಳಿ. ಬೆಳಿಗ್ಗೆ ಓಡುವ ಹೊತ್ತಿಗೆ ಅವನಿಗೆ ಹಿಂದಿನ ದಿನದ ಸನ್ಮಾನ ಇನ್ನೂ ಅರಗಿರುತ್ತಿರಲಿಲ್ಲ.

ವಿಧವೆ ಬಂದು, “ಅಣ್ಣಾ, ಓಡೋದು ನಿಮಗೆ ಬಂತು. ಬೇಡ ಅನ್ನೋದನ್ನೂ ಸ್ವಲ್ಪ ಕಲೀರಿ,” ಎಂದಳು.

“ಪ್ರೀತಿಯಿಂದ ಬಡಿಸ್ತಾರೆ ತಾಯಿ, ಹೇಗೆ ಬೇಡ ಅನ್ನಲಿ?” ಎಂದ ವ್ಯಾಪಾರಿ.

ಅವನು ಸುಳ್ಳು ಹೇಳಲಿಲ್ಲ. ಪ್ರೀತಿ ಇತ್ತು, ಭಾಷಣವೂ ಇತ್ತು. ಆ ಭಾಷಣಗಳಲ್ಲಿ ಅವನು ಆಗಲೇ ಹೊಳೆ ಮುಟ್ಟಿಯಾಗಿತ್ತು.

ಓಟದ ದಿನ ಓಲಗ ಊದಿಸಿ ಕಳುಹಿಸಿದರು. ಅರ್ಧ ದಾರಿಯಲ್ಲಿ ಅವನಿಗೆ ಒಂದು ಚಪ್ಪಟೆ ಕಲ್ಲು ಕಂಡಿತು. ಅದರ ಮೇಲೆ ಕೂತ. ಮತ್ತೆ ಏಳಲಾಗಲಿಲ್ಲ. ಪಾಪ, ಎಷ್ಟು ಕಷ್ಟಪಟ್ಟ ಎಂದು ಊರಿನವರು ಕಣ್ಣೊರೆಸಿಕೊಂಡರು. ಹೆಂಚು ತುಂಬಬೇಕಿದ್ದ ಗಾಡಿಯಲ್ಲೇ ಅವನನ್ನು ತುಂಬಿಕೊಂಡು ಬಂದು, ಪ್ರಯತ್ನಪಟ್ಟದ್ದಕ್ಕಾಗಿ ಇನ್ನೊಂದು ಸನ್ಮಾನ ಮಾಡಿದರು. ಯಾರ ಮನೆಯಿಂದಲೂ ಒಂದು ಹೆಂಚು ಹೊರಬೀಳಲಿಲ್ಲ.

ಮೋಡ ಕವಿದಿತ್ತು. ವಿಧವೆ ಆ ಸನ್ಮಾನಕ್ಕೂ ಬಂದಳು. ಎಲ್ಲರ ಎದುರಿಗೆ, “ಅಣ್ಣಾ, ಆ ಶಾಲುಗಳನ್ನಾದರೂ ಕೊಡಿ,” ಎಂದಳು. ವ್ಯಾಪಾರಿ ನಾಚಿಕೆಯಿಂದ ತಲೆ ತಗ್ಗಿಸಿ ಎಲ್ಲವನ್ನೂ ಕೊಟ್ಟ. ಅವಳು ಅವನ್ನು ಒಂದಕ್ಕೊಂದು ಹೊಲಿದು ಮನೆಯ ಮಾಡಿಗೆ ಹೊದಿಸಿದಳು. ಸನ್ಮಾನದ ಶಾಲು ಎಷ್ಟು ತೆಳುವೆಂದು ಮಕ್ಕಳಿಗೆ ಮೊದಲ ಮಳೆಯಲ್ಲೇ ಗೊತ್ತಾಯಿತು.

ಗುರುಗಳು ಕತೆ ಮುಗಿಸಿದರು. ಮಡಿವಾಳಯ್ಯ ಬಹಳ ಹೊತ್ತು ನಕ್ಕ. ಎಂಥ ಜನ ಎಂದ, ಅವನೆಂಥ ಪೆದ್ದ ಎಂದ.

ಗುರುಗಳು ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಂಡು ಕೇಳಿದರು: “ನಿನ್ನ ಸನ್ಮಾನಕ್ಕೆ ಬೇಳೆ ಹೋಳಿಗೆಯೋ, ಕಾಯಿ ಹೋಳಿಗೆಯೋ?”