ಆಜ್ಞೆಯ ಮೇಲೆ ಬಂದವಳು

"ಅಗ್ನಿಸಾಕ್ಷಿಯಾಗಿ ಕೈಹಿಡಿದ ಹೆಂಡತಿ ಮನೆ ಬಿಟ್ಟು ಹೋದರೆ, ಕಾನೂನು ಅವಳನ್ನು ಗಂಡನ ಬಳಿಗೆ ಕಳಿಸಬೇಕಲ್ಲವೇ?" ಎಂದು ಶಿಷ್ಯ ಕೇಳಿದ. ಅವನ ಅಣ್ಣ ಹೆಂಡತಿಯ ಮೇಲೆ ಅಂತಹದೇ ದಾವೆ ಹೂಡಿದ್ದ. ಗುರು ಅದನ್ನು ಬಲ್ಲರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಈ ಕತೆ ಹೇಳಿದರು.

ಒಬ್ಬ ಕಂಚುಗಾರನಿದ್ದ. ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಒರಟ. ಅವನ ಹೆಂಡತಿಗೆ ಒಬ್ಬ ತಂಗಿ. ಬಸುರಿಯಿದ್ದಾಗಲೇ ಗಂಡನನ್ನು ಕಳೆದುಕೊಂಡು ತವರು ಸೇರಿದ್ದಳು. ಅವಳಿಗೆ ಹೆರಿಗೆ ಕಷ್ಟವಾಗಿದೆಯೆಂದು ಸುದ್ದಿ ಬಂದಾಗ ಕಂಚುಗಾರ ಹೆಂಡತಿಯನ್ನು ತಡೆದ. ಮನೆಯಲ್ಲಿ ಕೆಲಸವಿದೆ, ಹೋಗಬೇಡ ಎಂದ. ಅವಳು ಹೋದಳು. ತಂಗಿ ಉಳಿಯಲಿಲ್ಲ, ಹೆಣ್ಣು ಕೂಸು ಉಳಿಯಿತು. ಯಾವಾಗ ಬರುತ್ತೀ ಎಂದಷ್ಟೇ ಅವನು ಹೇಳಿಕಳಿಸಿದ. ಸತ್ತವಳ ಬಗ್ಗೆ ಒಂದು ಮಾತಿಲ್ಲ. ಅವಳು ಬರಲಿಲ್ಲ.

ಅವನು ನ್ಯಾಯಾಧಿಕಾರಿಯ ಮುಂದೆ ದೂರಿಟ್ಟ. ಗಂಡನ ಮನೆ ಸೇರತಕ್ಕದ್ದೆಂದು ಆಜ್ಞೆಯಾಯಿತು. ಅವಳು ಕೂಸನ್ನು ಮುದಿ ತಾಯಿಯ ಮಡಿಲಿಗೆ ಹಾಕಿ ಬಂದಳು.

ಕಂಚುಗಾರ ಗೆದ್ದೆನೆಂದು ಬೀಗಿದ. ಅವಳು ಅಡುಗೆ ಮಾಡಿದಳು, ಬಡಿಸಿದಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಕೇಳದ ಮಾತು ಆಡಲಿಲ್ಲ. ಹಿಂದೆಲ್ಲ ಅವಳು ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದಳೆಂಬುದು ಅವನಿಗೆ ಆಗ ನೆನಪಾಯಿತು.

ಮಳೆಗಾಲದಲ್ಲಿ ಅವನಿಗೆ ವಿಷಮಜ್ವರ ಬಂತು. ಅವಳು ಗಂಜಿ ಕುಡಿಸಿದಳು, ಹಣೆ ಒರೆಸಿದಳು. ಎದ್ದು ಕೂರುವಂತಾದ ದಿನ ಅವನ ಕಣ್ಣು ತುಂಬಿತು. "ನನ್ನನ್ನು ಉಳಿಸಿದೆ. ನಿನ್ನ ಉಪಕಾರ ದೊಡ್ಡದು" ಎಂದ.

"ಅದನ್ನು ನ್ಯಾಯಾಧಿಕಾರಿಗೆ ಹೇಳಿ. ನನ್ನನ್ನು ಕಳಿಸಿದವರು ಅವರು" ಎಂದಳು ಅವಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು. ಕೂಸಿಗೆ ಏನು ಹೆಸರಿಟ್ಟಿರಿ ಎಂದು ಮೊದಲ ಸಲ ಕೇಳಿದ. ಅವಳು ಉತ್ತರ ಕೊಡಲು ಹೋಗಿ, ಮುಖ ತಿರುಗಿಸಿಕೊಂಡಳು.

ನಡೆಯುವಷ್ಟು ಶಕ್ತಿ ಬಂದೊಡನೆ ಅವನು ನ್ಯಾಯಾಧಿಕಾರಿಯ ಬಳಿಗೆ ಹೋಗಿ ಆಜ್ಞೆಯನ್ನು ರದ್ದು ಮಾಡಿಸಿಕೊಂಡ. ಗೆದ್ದವನೇ ಬೇಡವೆನ್ನುವುದನ್ನು ಅಲ್ಲಿದ್ದವರು ಕಂಡಿರಲಿಲ್ಲ, ನಕ್ಕರು. ಅವನು ಮನೆಗೆ ಬಂದು ಅವಳನ್ನು ತವರಿಗೆ ಕಳಿಸಲು ಗಾಡಿ ಕಟ್ಟಿಸಿದ. ತಂಗಿಯ ಸಾವಿನ ದಿನ ಆಡಬೇಕಿದ್ದ ಮಾತನ್ನು ಆಗ ಆಡಿದ. ಅವಳು ಕೇಳಿಸಿಕೊಂಡಳು, ಹೊರಟುಹೋದಳು.

ಅವನು ತಾನೇ ಬೇಯಿಸಿಕೊಂಡು ಉಂಡ. ಯಾರನ್ನೂ ದೂರಲಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಬೆಳಗ್ಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಕೂಸಿತ್ತು. ಇದೂ ಇಲ್ಲಿರುವುದಾದರೆ ತಾನೂ ಇರುತ್ತೇನೆ ಎಂದಳು. ಕಂಚುಗಾರ ಮಸಿ ಹಿಡಿದ ಕೈ ತೊಳೆದು ಬಂದು ಕೂಸಿನತ್ತ ಚಾಚಿದ. ಅವಳು ಕೊಟ್ಟಳು. ಆಮೇಲೆ ಅವನು ಬಾಳಿದಷ್ಟು ಕಾಲ, ತಟ್ಟೆಗೆ ಬಿದ್ದ ಪ್ರತಿ ತುತ್ತಿಗೂ ಮನಸ್ಸಿನಲ್ಲೇ ಕೈಮುಗಿದು ಉಂಡನಂತೆ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವಳು ಬಾರದೇ ಹೋಗಿದ್ದರೆ ಅವನು ಒಂಟಿಯಾಗಿಯೇ ಉಳಿಯುತ್ತಿದ್ದನಲ್ಲ?" ಎಂದ.

ಗುರು ಕೇಳಿದರು: "ಆಜ್ಞೆ ಇದ್ದಷ್ಟು ಕಾಲ ಅವನ ಜೊತೆ ಯಾರಿದ್ದರು?"

ಶಿಷ್ಯ ಎದ್ದು ಅಣ್ಣನ ಮನೆಯ ಕಡೆ ನಡೆದ.