ಉಪ್ಪಿಲ್ಲದ ಅಂಬಲಿ

ಹೊಳೆ ಬಳಸಿ ಹೋಗುವ ತಿರುವಿನಲ್ಲಿ ಒಂದು ಆಶ್ರಮವಿತ್ತು. ಮಂಜು ಇಳಿದ ಬೆಳಗುಗಳಲ್ಲಿ ಅದು ದಡದ ಮೇಲಿದೆಯೋ ನೀರಿನ ಮೇಲಿದೆಯೋ ಹರಿಗೋಲಿನವರಿಗೂ ತಿಳಿಯುತ್ತಿರಲಿಲ್ಲ.

ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಗುರುವನ್ನು ಊರೆಲ್ಲ ಅಜ್ಜಾರು ಎನ್ನುತ್ತಿತ್ತು. ಶಿಷ್ಯನ ಹೆಸರು ಚನ್ನವೀರ.

ದಿನಾ ನಸುಕಿನಲ್ಲಿ ಚನ್ನವೀರ ಮೀಯಲು ಇಳಿದಾಗ ಎದುರಿನ ನಡುಗಡ್ಡೆಯಿಂದ ಸಿಳ್ಳು ಕೇಳುತ್ತಿತ್ತು. ಮಂಜಿನೊಳಗಿಂದ ತಾಯಿ ನೀರುನಾಯಿ, ಅದರ ಬೆನ್ನಿಗೆ ಮೂರು ಮರಿ. ಬಂಡೆಯ ಮೇಲೆ ಹೊರಳಾಡಿ, ಅವನನ್ನೊಮ್ಮೆ ನೋಡಿ, ಮತ್ತೆ ನೀರಿಗೆ. ಎಷ್ಟೋ ಸಲ ಅವನಿಗೆ ಜಪವೇ ಮರೆತುಹೋಗುತ್ತಿತ್ತು. ಅವುಗಳ ಮೇಲೆ ಅವನಿಗೆ ಅಷ್ಟು ಪ್ರೀತಿ.

ಒಂದು ಬೆಳಗು ಎರಡೇ ಮರಿ ಬಂದವು. ಮೂರನೆಯದು ದಡದಲ್ಲಿ ಸಿಕ್ಕಿತು. ತಲೆಗೆ ಪೆಟ್ಟು ಬಿದ್ದಿತ್ತು.

"ಅಜ್ಜಾರ, ಉಳಿದವನ್ನ ಹೆಂಗ ಉಳಿಸ್ಲಿ?"

"ಕೊಂದವರನ್ನ ಕೇಳು."

ಚನ್ನವೀರ ಬೆಸ್ತರ ಕೇರಿಗೆ ಹೋದ. ಮನೆಮನೆಯ ಮುಂದೆ ನಿಂತು ಕೇಳಿದ: "ನೀರುನಾಯಿ ಕಂಡ್ರ ನಿಮಗ ಸಿಟ್ಟು ಐತೇನ್ರಿ?"

ಗಂಡಸರು ಎದ್ದು ಕಂಬಳಿ ಹಾಸಿದರು, ಕೈ ಮುಗಿದರು. "ಛೇ ಛೇ, ಇಲ್ರಿ ಮರಿಸ್ವಾಮೇರ. ಗಂಗವ್ವನ ಮಕ್ಕಳು ಅವು."

ಅವನು ಹಗುರಾಗಿ ಮರಳಿದ. "ನಲವತ್ತು ಮನಿ ಕೇಳ್ದೆ ಅಜ್ಜಾರ. ಒಬ್ಬರಿಗೂ ಸಿಟ್ಟಿಲ್ಲ."

ಗುರು ಒಳಗೆ ಹೋದರು. ಒಂದು ಬಟ್ಟಲು ಅಂಬಲಿ ತಂದು ಅವನ ಕೈಗಿತ್ತರು. ಚನ್ನವೀರ ಕುಡಿದ.

"ಹೆಂಗೈತಿ?"

"ಅಮೃತ ಇದ್ದಂಗ ಐತ್ರಿ."

"ಉಪ್ಪ ಹಾಕಿಲ್ಲ."

ಚನ್ನವೀರ ತಲೆ ತಗ್ಗಿಸಿದ. "ನೀವು ಕೈಯಾರೆ ಕೊಟ್ಟದ್ದು. ಸಪ್ಪಗೈತಿ ಅಂತ ಹೆಂಗ ಅನ್ನಲ್ರಿ?"

"ಹಂಗಾರ ನಲವತ್ತು ಮನ್ಯಾಗ ನೀ ಏನು ಕುಡಿದು ಬಂದಿ?"

ಮರುದಿನ ಗುರು ಅವನ ಹೆಗಲ ಮೇಲಿನ ಕಾವಿ ಶಾಲು ತೆಗೆದು ಗೂಟಕ್ಕೆ ಹಾಕಿದರು. "ಏನೂ ಕೇಳಬ್ಯಾಡ. ಯಾರಿಗೆ ಕೈ ಸಾಲದೋ ಅಲ್ಲಿ ಹೋಗಿ ಕೂಡು."

ದಡದ ಹೊಂಗೆಯ ಕೆಳಗೆ ಹುಲಿಗೆವ್ವ ಎಂಬಾಕೆ ಹರಿದ ಬಲೆ ಹೊಲಿಯುತ್ತಿದ್ದಳು. ಬಲೆಯ ಅಂಚು ಕಾಲ್ಬೆರಳಲ್ಲಿ, ಸೂಜಿ ಕೈಯಲ್ಲಿ. ಚನ್ನವೀರ ಎದುರು ಕುಳಿತು ಇನ್ನೊಂದು ತುದಿ ಹಿಡಿದ.

"ಬಿಗಿ ಹಿಡೀರಿ ಮರಿಸ್ವಾಮೇರ" ಎಂದಳು. ಅಷ್ಟೇ.

ಬಲೆಯ ನೆರಳು ಮರಳಿನ ಮೇಲೆ ಅಲುಗುತ್ತಿತ್ತು. ಹೊಳೆ ತನ್ನಷ್ಟಕ್ಕೆ ಹೋಗುತ್ತಿತ್ತು. ಎಷ್ಟು ದಿನ ಹಾಗೆ ಕೂತಿದ್ದನೋ ಅವನಿಗೇ ನೆನಪಿಲ್ಲ. ಮರಿಸ್ವಾಮೇರು ಹೋಗಿ ತಮ್ಮ ಆಗಿದ್ದ, ಬೈಸಿಕೊಳ್ಳುವಷ್ಟು ಸಲಿಗೆಯೂ ಬಂದಿತ್ತು.

ಒಂದು ಮಧ್ಯಾಹ್ನ ಹುಲಿಗೆವ್ವ ಬಲೆಯಿಂದ ಕಣ್ಣೆತ್ತದೆ ಹೇಳಿದಳು.

"ನೀರುನಾಯಿ ತಿನ್ನೋ ಮೀನಿಗೆ ನಾ ಅಳಂಗಿಲ್ಲ ತಮ್ಮಾ. ಅದು ಹರಿದದ್ದು ಹೊಲಿಯಾಕಿ ನಾನು. ಈಗ ಕಣ್ಣಿಗೆ ಗಂಟ ಕಾಣವಲ್ದು. ಅಮಾಸಿ ದಿನ ಗಂಡಸರು ನಡುಗಡ್ಡಿಗೆ ಹೋಗಿ ಬಿಲಕ್ಕ ಹೊಗಿ ಹಾಕತಾರಂತ. ಹಾಕ್ಲಿ ಬಿಡು, ಅಂದೆ ನಾನೂ."

ಚನ್ನವೀರ ಬಲೆ ಬಿಟ್ಟು ಆಶ್ರಮಕ್ಕೆ ಓಡಿದ.

"ಅಜ್ಜಾರ, ಅಮಾಸಿಗೆ ಮೂರ ದಿನ. ನೀವು ಬಂದು ಒಂದು ಮಾತು ಹೇಳ್ರಿ. ಊರು ಕೇಳತೈತಿ."

"ಕೇಳತೈತಿ. ಅಮೃತ ಇದ್ದಂಗ ಐತಿ ಅಂತೈತಿ."

ಅವನಿಗೆ ಅಳು ಬಂತು. "ಹಂಗಾರ ನಾ ಏನು ಮಾಡ್ಲಿ?"

"ಬಲೆ ಅರ್ಧಕ್ಕ ಬಿಟ್ಟು ಬಂದಿ. ಆಕಿ ಒಬ್ಬಾಕಿನ ಹಿಡಕೊಂಡು ಕುಂತಾಳ."

ಮರಳಿ ಹೋಗಿ ತುದಿ ಹಿಡಿದ. ಒಂದು ಹರಕು ಹೊಲಿದು ಮುಗಿದ ಮೇಲೆ ಕೇಳಿದ. "ಯವ್ವಾ, ಬಲೆನೂ ಹರೀಬಾರದು, ಅವೂ ಸಾಯಬಾರದು ಅಂದ್ರ ನೀ ಏನು ಮಾಡ್ತಿದ್ದಿ?"

ಸೂಜಿ ನಿಂತಿತು.

"ಇದನ್ನ ನನ್ನ ಯಾರೂ ಕೇಳಿಲ್ಲ."

ಹುಲಿಗೆವ್ವ ಬಲೆ ಹರವಿ ಹರಕುಗಳ ಮೇಲೆ ಕೈಯಾಡಿಸಿದಳು. "ನೋಡು, ಎಲ್ಲಾ ನಡುಗಡ್ಡಿ ಕಡೆನ ಹರದಾವ. ಬೆಳಕು ಮೂಡೋ ಹೊತ್ತಿಗೆ ಬರತಾವ ಅವು, ಸಿಳ್ಳು ಇಲ್ಲೀತನ ಕೇಳತೈತಿ. ನಮ್ಮ ಗಂಡಸರು ಹೊತ್ತು ಏರೋತನ ಮಲಗಿ ಆಮ್ಯಾಲೆ ಬಲೆ ಎತ್ತತಾರ. ಬೆಳ್ಳಿಚುಕ್ಕಿ ಇದ್ದಾಗ ಎತ್ತಿದ್ರ ಒಂದು ಎಳಿನೂ ಹರಿಯಂಗಿಲ್ಲ."

"ಅವತ್ತ ನಾ ಮನಿ ಮುಂದ ಬಂದು ಕೇಳ್ದಾಗ ಹೇಳಬಾರದಿತ್ತೇನು?"

"ನೀವೂ ಗಂಡಸರನ್ನ ಕೇಳಿ ಹೋದ್ರಲ್ಲ, ಮರಿಸ್ವಾಮೇರ?"

ಆ ಸಂಜೆ ಗಂಡಸರು ದಡದಲ್ಲಿ ಸೇರಿದ್ದಾಗ ಹುಲಿಗೆವ್ವ ಹರಿದ ಬಲೆಯನ್ನು ಗಂಡ ಜಡೆಪ್ಪನ ಮುಂದೆ ಹಾಕಿದಳು. "ನಾಳಿಂದ ಚುಕ್ಕಿ ಇದ್ದಾಗ ಎದ್ದು ಬಲೆ ಎತ್ತು. ಇಲ್ಲಾ ಹರಿದದ್ದು ನೀನ ಹೊಲಿ."

ಹಿಂದೆ ನಿಂತ ಹೆಂಗಸರು ನಕ್ಕರು. ನಕ್ಕು ಸುಮ್ಮನಿರಲಿಲ್ಲ, ತಮ್ಮ ತಮ್ಮ ಬಲೆಗಳನ್ನೂ ತಂದು ಗಂಡಂದಿರ ಮುಂದೆ ಹಾಕಿದರು.

ಜಡೆಪ್ಪ ಮೀಸೆ ತೀಡಿ ಸೂಜಿ ಹಿಡಿದ. ಒಂದು ಗಂಟು ಹಾಕಲು ಹೋಗಿ ಎರಡು ಬೆರಳು ಸಿಕ್ಕಿಸಿಕೊಂಡ. "ಏಳತೀನಿ ಬಿಡ" ಎಂದ.

ಅಮಾವಾಸ್ಯೆ ಬಂತು, ಹೋಯಿತು. ನಡುಗಡ್ಡೆಯಲ್ಲಿ ಹೊಗೆ ಏಳಲಿಲ್ಲ. ಹರಿದ ಬಲೆ ಆಮೇಲೂ ಒಂದೊಂದು ಬರುತ್ತಿತ್ತು, ಕಲ್ಲಿಗೆ ಸಿಕ್ಕಿದ್ದು. ನಸುಕಿನ ಮಂಜಿನಲ್ಲಿ ಎರಡು ಮರಿಗಳು ಬಂಡೆಯ ಮೇಲೆ ಹೊರಳುವುದನ್ನು ಕಂಡು ಚನ್ನವೀರನಿಗೆ ಮತ್ತೆ ಜಪ ಮರೆತುಹೋಯಿತು.

ಅವನು ಆಶ್ರಮಕ್ಕೆ ಬಂದ. ಗುರು ಒಂದು ಬಟ್ಟಲು ಅಂಬಲಿ ಕೊಟ್ಟರು.

"ಹೆಂಗೈತಿ?"

"ಉಪ್ಪ ಹೆಚ್ಚಾಗೇತ್ರಿ ಅಜ್ಜಾರ. ಕುಡಿಯಾಕ ಆಗವಲ್ದು."

ಗುರು ಚಾಪೆಯ ಮೇಲೆ ಸರಿದು ಜಾಗ ಮಾಡಿದರು.

"ಬಾ, ಕೂಡು. ಇನ್ನ ಮ್ಯಾಲೆ ನಾ ನಿನ್ನ ಒಂದು ಮಾತು ಕೇಳಬಹುದು."