ರಣಧೀರನ ಕಂಬಳಿ

ಒಡೆಯನ ಲಾಯದ ಬೀಜದ ಕುದುರೆ ರಣಧೀರನಿಗೆ ಉಪಚಾರವೋ ಉಪಚಾರ. ಹೊತ್ತು ಹೊತ್ತಿಗೆ ಬಾದಾಮಿ, ತುಪ್ಪ. ಬಿಸಿಲು ತಾಗೀತೆಂದು ಓಡಾಟವಿಲ್ಲ, ದೃಷ್ಟಿ ತಾಗೀತೆಂದು ಬೇಸಿಗೆಯಲ್ಲೂ ಮೈಮೇಲಿನ ಕಂಬಳಿ ಇಳಿಯುವುದಿಲ್ಲ. ಆದರೂ ಅವನೊಡನೆ ಕೂಡಿಸಿದ ಒಂದು ಹೆಣ್ಣು ಕುದುರೆಯೂ ಗಬ್ಬ ಕಟ್ಟಲಿಲ್ಲ. ಒಡೆಯ ಅವುಗಳನ್ನೇ ಗೊಡ್ಡೆಂದು ಒಂದೊಂದಾಗಿ ಮಾರಿದ. ಹಾಗೆ ಜಟಕಾದವನ ಪಾಲಾದವಳು ಸುರಗಿ.

ಎರಡು ವರ್ಷದ ಮೇಲೆ ಹುಲ್ಲು ಕೊಳ್ಳಲೆಂದು ಜಟಕಾದವನು ಅದೇ ಲಾಯದ ಬಾಗಿಲಿಗೆ ಬಂದ. ಸುರಗಿಯ ಪಕ್ಕದಲ್ಲಿ ಮರಿಯೊಂದು ಕುಣಿಯುತ್ತಿತ್ತು.

"ಯಾರದು ಈ ಮರಿ?" ಎಂದ ರಣಧೀರ.

"ನನ್ನದು. ಇದರಪ್ಪ ಒಣಹುಲ್ಲು ತಿಂದು ದಿನವಿಡೀ ಗಾಡಿ ಎಳೆಯುವ ಬಡಕಲು ಕುದುರೆ."

ರಣಧೀರನ ಕಿವಿಗಳು ಜೋತುಬಿದ್ದವು. "ಹಾಗಾದರೆ ದೋಷ ನನ್ನದೇ?"

"ನಿನ್ನ ಬೊಜ್ಜಿನದು, ಆ ಕಂಬಳಿಯ ಸೆಕೆಯದು. ಅದನ್ನು ಕೊಡವಿ ಬಿಸಾಡು. ತುಪ್ಪ ಮುಟ್ಟಬೇಡ, ಬಯಲಲ್ಲಿ ಓಡು. ನೀನೂ ತಂದೆಯಾಗುತ್ತೀಯೆ."

ರಣಧೀರ ಮೈ ಕೊಡವಿದ. ಕಂಬಳಿ ಅರ್ಧ ಜಾರಿತು. ಅಷ್ಟರಲ್ಲಿ ಆಳು ಬಾದಾಮಿಯ ಬುಟ್ಟಿ ತಂದಿಟ್ಟು ಕಂಬಳಿಯನ್ನು ಮತ್ತೆ ಬಿಗಿದ. ರಣಧೀರ ಅಲುಗದೆ ನಿಂತು ಬುಟ್ಟಿಗೆ ಬಾಯಿ ಹಾಕಿದ.

"ಸುರಗಿ, ಈ ಮಾತು ಯಾರಿಗೂ ಹೇಳಬೇಡ," ಎಂದ, ತುಂಬಿದ ಬಾಯಲ್ಲೇ.

ಆಗಲೇ ಇನ್ನೊಂದು ಹೆಣ್ಣು ಕುದುರೆಯನ್ನು ಹಗ್ಗ ಹಿಡಿದು ಹೊರಗೆಳೆದು ತಂದರು.

"ಅಕ್ಕಾ, ನಾನು ಗೊಡ್ಡಂತೆ. ನಾನೇನು ತಪ್ಪು ಮಾಡಿದೆ?" ಎಂದು ಅವಳು ಅತ್ತಳು.

ಸುರಗಿ ದಾರಿ ಬಿಟ್ಟು ನಿಂತಳು. "ಏನೂ ಇಲ್ಲ ತಂಗಿ. ಈ ಲಾಯದಲ್ಲಿ ಬಾದಾಮಿ ಅವನಿಗೆ, ಗೊಡ್ಡೆಂಬ ಹೆಸರು ನಮಗೆ."